ಮಕ್ಕಳ ಚಿತ್ರಪುಸ್ತಕದಲ್ಲಿ ಪ್ರಕೃತಿ: ನಮ್ಮ ಕೈಗೂ ಒಂದು ಕೆಲಸ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಮಕ್ಕಳ ಚಿತ್ರಪುಸ್ತಕದಲ್ಲಿ ಪ್ರಕೃತಿ’ ಎನ್ನುವುದು ಇವತ್ತು ನನಗೆ ಕೊಟ್ಟಿರುವ ವಿಷಯ. ಇದು ಚಿತ್ರಕಾರರಿಗೆ ಸೇರಿದ್ದು, ನಮಗೇನು ಸಂಬಂಧ ಎಂದು ಕೆಲವರಿಗೆ ಅನ್ನಿಸಿರಬಹುದು. ಸಂಬಂಧ ಇದೆ, ಅದೂ ನಮ್ಮಂಥ ಹೊರನಾಡ ಕನ್ನಡಿಗರಿಗೆ ಸ್ವಲ್ಪ ಹೆಚ್ಚೇ ಇದೆ ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ.

ನಾನು ಮುಂಬಯಿಯ ಶಾಲೆಗಳಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿದವಳು. ‘ಪ್ರಕೃತಿಯ ಚಿತ್ರ ಬರೆಯಿರಿ’ ಎಂದರೆ ಮಕ್ಕಳು ಏನು ಬರೆಯುತ್ತಾರೆ ಎಂದು ನಿಮಗೂ ಗೊತ್ತು. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಚಾಳಿನ ಮಗುವೂ ಅದನ್ನೇ ಬರೆಯುತ್ತದೆ, ಇಪ್ಪತ್ತನೇ ಮಹಡಿಯ ಮಗುವೂ ಅದನ್ನೇ ಬರೆಯುತ್ತದೆ. ಆ ಬೆಟ್ಟವನ್ನಾಗಲಿ ಆ ಗುಡಿಸಲನ್ನಾಗಲಿ ಅವರು ಕಂಡವರಲ್ಲ. ಅದು ಇನ್ನೊಂದು ಚಿತ್ರ ನೋಡಿ ಬರೆದ ಚಿತ್ರ. ಕಿಟಕಿಯ ಹೊರಗೆ ಕೈಗೆ ಸಿಗುವಷ್ಟು ಹತ್ತಿರ ನಿಂತಿರುವ ಕಾಡುಬಾದಾಮಿ ಮರ ಯಾರ ಹಾಳೆಗೂ ಬರುವುದಿಲ್ಲ.

ಒಳ್ಳೆಯ ಚಿತ್ರಪುಸ್ತಕ ಈ ಜಾಗದಲ್ಲೇ ಮಗುವಿನ ಕೈ ಹಿಡಿಯುತ್ತದೆ. ಅದನ್ನು ಬರೆದವರು ಮೊದಲು ನೋಡಿರುತ್ತಾರೆ, ಆಮೇಲೆ ಬರೆದಿರುತ್ತಾರೆ. ಇದಕ್ಕೆ ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್ ಅವರದು. ಹುಟ್ಟಿದ್ದು 1866ರಲ್ಲಿ, ಲಂಡನ್ನಿನ ಒಂದು ಶ್ರೀಮಂತ ಮನೆಯಲ್ಲಿ. ಆ ಕಾಲದ ಹೆಣ್ಣುಮಕ್ಕಳಂತೆ ಶಾಲೆಗೆ ಹೋಗಲಿಲ್ಲ, ಮನೆಗೇ ಬರುತ್ತಿದ್ದ ಶಿಕ್ಷಕಿಯರಿಂದ ಕಲಿತರು. ತಮ್ಮನ ಜೊತೆ ಸೇರಿ ಮೊಲ, ಇಲಿ, ಮುಳ್ಳುಹಂದಿ, ಬಾವಲಿಗಳನ್ನೆಲ್ಲ ಓದುವ ಕೋಣೆಯಲ್ಲೇ ಸಾಕಿಕೊಂಡು, ದಿನವೂ ಅವನ್ನು ನೋಡಿ ನೋಡಿ ಬರೆಯುತ್ತಿದ್ದರು. ದೊಡ್ಡವರಾದ ಮೇಲೆ ಅಣಬೆಗಳ ಹಿಂದೆ ಬಿದ್ದರು. ನೂರಾರು ಅಣಬೆಗಳನ್ನು ಬಣ್ಣದಲ್ಲಿ ಬರೆದರು, ಸೂಕ್ಷ್ಮದರ್ಶಕದಲ್ಲಿ ಅವುಗಳ ಬೀಜಕಣ ಮೊಳೆಯುವುದನ್ನು ಕಂಡು ಒಂದು ಪ್ರಬಂಧವನ್ನೂ ಬರೆದರು. 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಆ ಪ್ರಬಂಧ ಬೇರೊಬ್ಬರ ಮೂಲಕ ಮಂಡನೆಯಾಯಿತು. ಏಕೆಂದರೆ ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ.

ಅದಕ್ಕೂ ನಾಲ್ಕು ವರ್ಷ ಮೊದಲು, 1893ರ ಸೆಪ್ಟೆಂಬರಿನಲ್ಲಿ, ಅವರು ಒಂದು ಕಾಗದ ಬರೆದಿದ್ದರು. ತಮಗೆ ಪಾಠ ಹೇಳಿದ್ದ ಶಿಕ್ಷಕಿಯ ಐದು ವರ್ಷದ ಮಗ ಕಾಯಿಲೆಯಾಗಿ ಮಲಗಿದ್ದ. ಅವನಿಗೆ ಬರೆಯಲು ಬೇರೇನೂ ತೋಚದೆ ನಾಲ್ಕು ಮೊಲದ ಮರಿಗಳ ಕಥೆಯನ್ನು ಚಿತ್ರಗಳ ಜೊತೆ ಬರೆದು ಕಳಿಸಿದರು. ಕೆಲವು ವರ್ಷಗಳಾದ ಮೇಲೆ ಅದನ್ನೇ ಪುಸ್ತಕ ಮಾಡಲು ಹೊರಟಾಗ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡವೆಂದರು. ಅವರು ಸುಮ್ಮನೆ ಕೂರಲಿಲ್ಲ. 1901ರ ಡಿಸೆಂಬರಿನಲ್ಲಿ ತಮ್ಮ ಸ್ವಂತ ಹಣದಲ್ಲಿ 250 ಪ್ರತಿ ಅಚ್ಚು ಹಾಕಿಸಿ ನೆಂಟರಿಷ್ಟರಿಗೆ ಹಂಚಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಬಣ್ಣದಲ್ಲಿ ಹೊರತಂದಿತು. ಅದೇ ‘ಪೀಟರ್ ರ‍್ಯಾಬಿಟ್’. ಚಿಕ್ಕ ಕೈಗಳಿಗೆ ಹಿಡಿಯಲು ಬರಬೇಕೆಂದು ಪುಸ್ತಕದ ಅಳತೆಯನ್ನೂ ಅವರು ಚಿಕ್ಕದಾಗಿಯೇ ಇರಿಸಿದರು.

ಆ ಮೊಲಕ್ಕೆ ಅವರು ನೀಲಿ ಕೋಟು ತೊಡಿಸಿದ್ದಾರೆ ನಿಜ. ಆದರೆ ಕೋಟಿನ ಒಳಗಿರುವುದು ನಿಜವಾದ ಮೊಲ. ಹಿಂಗಾಲು ಮಡಿಸುವ ರೀತಿ, ಕಿವಿ ಹಿಂದಕ್ಕೆ ಒರಗುವ ರೀತಿ, ಹೆದರಿ ಓಡುವ ರೀತಿ, ಯಾವುದೂ ತಪ್ಪಿಲ್ಲ. ವರ್ಷಗಟ್ಟಲೆ ಮೊಲ ಸಾಕಿದವರಿಗೆ ಮಾತ್ರ ಅದು ಸಾಧ್ಯ. ಪುಸ್ತಕದಿಂದ ಬಂದ ಹಣದಲ್ಲಿ ಲೇಕ್ ಡಿಸ್ಟ್ರಿಕ್ಟಿನಲ್ಲಿ ಹೊಲ ಕೊಂಡರು, ಕುರಿ ಸಾಕಿದರು. 1943ರಲ್ಲಿ ತೀರಿಕೊಂಡಾಗ ಸುಮಾರು 4,000 ಎಕರೆ ಜಮೀನನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟು ಹೋದರು. ಯಾವ ಬೆಟ್ಟ ಬಯಲುಗಳನ್ನು ಮಕ್ಕಳಿಗೆ ತೋರಿಸಿದರೋ ಅವನ್ನು ಆ ಮಕ್ಕಳಿಗಾಗಿಯೇ ಉಳಿಸಿದರು ಎನ್ನಬಹುದು.

ಎರಡನೆಯ ಉದಾಹರಣೆ ನಿಮ್ಮಲ್ಲಿ ಅನೇಕರ ಮನೆಯಲ್ಲೇ ಇರುತ್ತದೆ. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಮಾಡಿದ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’. ಹುಳ ಹಣ್ಣು ತಿಂದಲ್ಲೆಲ್ಲ ಪುಟದಲ್ಲಿ ನಿಜವಾದ ತೂತು ಇರುತ್ತದೆ, ಮಗು ಬೆರಳು ತೂರಿಸುತ್ತದೆ. ತೆಳು ಕಾಗದಕ್ಕೆ ಮೊದಲು ಬಣ್ಣ ಬಳಿದು, ಒಣಗಿಸಿ, ಕತ್ತರಿಸಿ ಅಂಟಿಸುವುದು ಅವರ ಕೆಲಸದ ರೀತಿ. ಚಿಕ್ಕವರಿದ್ದಾಗ ತಂದೆ ಅವರನ್ನು ಕಾಡಿಗೆ ಕರೆದುಕೊಂಡು ಹೋಗಿ, ಕಲ್ಲು ಎತ್ತಿ, ತೊಗಟೆ ಸರಿಸಿ ಅಡಿಯ ಹುಳಹುಪ್ಪಟೆಗಳನ್ನು ತೋರಿಸಿ, ಮತ್ತೆ ಅವುಗಳ ಮನೆಯನ್ನು ಹಾಗೇ ಮುಚ್ಚಿಡುತ್ತಿದ್ದರಂತೆ. ಆ ತಂದೆ ಚಿತ್ರ ಕಲಿಸಲಿಲ್ಲ, ನೋಡುವುದನ್ನು ಕಲಿಸಿದರು.

ಈ ಪುಸ್ತಕವನ್ನು ಮಗುವಿಗೆ ತೋರಿಸಿದ ಮೇಲೆ ಒಮ್ಮೆ ನಿಮ್ಮ ಬಾಲ್ಕನಿಯ ಕರಿಬೇವಿನ ಕುಂಡದ ಹತ್ತಿರ ಕರೆದುಕೊಂಡು ಹೋಗಿ. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆ ಸಿಗಬಹುದು. ಅದರಿಂದ ಬರುವ ಮರಿಹುಳ ಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದಲ್ಲಿರುತ್ತದೆ. ಹಕ್ಕಿಗೆ ಕಾಣದಿರಲಿ ಎಂದು ಈ ವೇಷ. ಬೆಳೆದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಒಂದು ಕಡ್ಡಿಗೆ ನೂಲಿನ ಸೊಂಟಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಪುಸ್ತಕದ ಹುಳ ಕೇಕು, ಐಸ್‌ಕ್ರೀಮು ಎಲ್ಲ ತಿನ್ನುತ್ತದೆ. ನಮ್ಮದು ಕರಿಬೇವು, ನಿಂಬೆ, ಬಿಲ್ವದಂಥ ಒಂದೇ ಕುಟುಂಬದ ಗಿಡಗಳನ್ನಷ್ಟೇ ತಿನ್ನುತ್ತದೆ. ಎಲೆ ಹಾಳಾಯಿತೆಂದು ಹುಳ ಕಿತ್ತೆಸೆಯುವ ಮೊದಲು ನಾಲ್ಕು ವಾರ ತಾಳಿ. ಆ ನಾಲ್ಕು ವಾರದಲ್ಲಿ ಒಂದು ಚಿತ್ರಪುಸ್ತಕದ ಕಥೆ ಇದೆ.

ಮೂರನೆಯ ಉದಾಹರಣೆ ನಮ್ಮ ದೇಶದ್ದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಹೊರತಂದ ‘ದಿ ನೈಟ್ ಲೈಫ್ ಆಫ್ ಟ್ರೀಸ್’. ಚಿತ್ರ ಬರೆದವರು ಮಧ್ಯಪ್ರದೇಶದ ಮೂವರು ಗೊಂಡ ಕಲಾವಿದರು: ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮಸಿಂಗ್ ಉರ್ವೇತಿ. ಕೈಯಿಂದ ಮಾಡಿದ ಕಪ್ಪು ಕಾಗದದ ಮೇಲೆ ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದೇ ಬಣ್ಣವಾಗಿ ಕೈಯಲ್ಲೇ ಮುದ್ರಿಸಿದ ಪುಸ್ತಕ ಅದು. ಹಗಲೆಲ್ಲ ನೆರಳು, ಹಣ್ಣು ಕೊಟ್ಟು ದುಡಿಯುವ ಮರಗಳು ರಾತ್ರಿ ತಮ್ಮ ನಿಜರೂಪ ತೋರುತ್ತವೆ ಎನ್ನುವುದು ಗೊಂಡರ ನಂಬಿಕೆ. 2008ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಇದಕ್ಕೆ ಪ್ರಶಸ್ತಿ ಬಂತು.

ಇವರಲ್ಲಿ ದುರ್ಗಾಬಾಯಿಯವರ ದಾರಿಯನ್ನು ಗಮನಿಸಬೇಕು. ಅವರು ಯಾವ ಕಲಾಶಾಲೆಗೂ ಹೋದವರಲ್ಲ. ಮದುವೆಗೆ, ಸುಗ್ಗಿಗೆ ಮನೆಯ ಗೋಡೆ, ನೆಲಗಳ ಮೇಲೆ ಹೆಂಗಸರು ಬರೆಯುವ ‘ದಿಗ್ನಾ’ ಎಂಬ ಚಿತ್ತಾರವನ್ನು ಎಳೆಯ ವಯಸ್ಸಿನಲ್ಲೇ ತಾಯಿಯಿಂದ ಕಲಿತರು. ಆ ಗೋಡೆಯ ಕೈಯೇ ಮುಂದೆ ಪುಸ್ತಕದ ಪುಟಕ್ಕೆ ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಈಗ ನಮ್ಮ ಕಡೆ ನೋಡೋಣ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು ಇಲ್ಲಿದ್ದರೆ ದೀವರ ಮನೆಗಳ ಹಸೆ ಚಿತ್ತಾರ ನೋಡಿರುತ್ತೀರಿ. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿಯಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿನಾರು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ ಬರೆದು, ಬಸುರಿ ಭೂತಾಯಿಗೆ ಅದರಲ್ಲೇ ಬುತ್ತಿ ಒಯ್ಯುತ್ತಾರೆ. ಮುಂಬಯಿಯ ಪಕ್ಕದ ಪಾಲ್ಘರ್ ಕಡೆಯ ವಾರ್ಲಿ ಚಿತ್ರವೂ ಮೊದಲು ಮದುವೆಮನೆಯಲ್ಲಿ ಮುತ್ತೈದೆಯರು ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದದ್ದೇ. ದಿಗ್ನಾ, ವಾರ್ಲಿ, ಹಸೆ, ನಮ್ಮ ಹೊಸ್ತಿಲ ರಂಗೋಲಿ, ಇವೆಲ್ಲ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದ ಕಲೆಗಳು. ಎಲ್ಲದರಲ್ಲೂ ಬಳ್ಳಿ, ಹೂವು, ಹಕ್ಕಿ, ಪೈರು ಇವೆ. ಆದ್ದರಿಂದ ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ಇಲ್ಲಿ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಚುಕ್ಕಿ ತಪ್ಪದೆ ಎಳೆ ಎಳೆಯುವ ಕೈ ಎಲೆಯ ನರ ಎಳೆಯಲಾರದೇ?

ಇನ್ನು ಕನ್ನಡದ ಮಾತು. ನಮ್ಮ ಮನೆಗಳಲ್ಲಿ ಕನ್ನಡ ಉಳಿದಿದೆ, ಸಂತೋಷ. ಆದರೆ ಯಾವ ಕನ್ನಡ ಎಂದು ಸ್ವಲ್ಪ ಕಿವಿಗೊಟ್ಟು ಕೇಳಿ. ಊಟ, ನೀರು, ಬಾ, ಹೋಗು, ಸ್ನಾನ, ನಿದ್ದೆ. ಹೊಸ್ತಿಲು ದಾಟಿದ ಕೂಡಲೇ ಮಗುವಿನ ಕನ್ನಡ ಮುಗಿಯುತ್ತದೆ. ಹೊರಗಿನ ಲೋಕಕ್ಕೆಲ್ಲ ಇಂಗ್ಲಿಷ್, ಇಲ್ಲವೇ ಮರಾಠಿ, ಹಿಂದಿ. ಮೇ ತಿಂಗಳಲ್ಲಿ ನೇರಳೆ ಬಣ್ಣದಲ್ಲಿ ಅರಳುವ ‘ತಾಮ್ಹಣ’ ಮಹಾರಾಷ್ಟ್ರದ ರಾಜ್ಯಪುಷ್ಪ ಎಂದು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಅದಕ್ಕೆ ಕನ್ನಡದಲ್ಲಿ ಹೊಳೆದಾಸವಾಳ ಎಂಬ ಚೆಂದದ ಹೆಸರಿದೆ ಎಂದು ಹೇಳುವವರು ಯಾರು? ಕಿಂಗ್‌ಫಿಶರ್ ನಮ್ಮ ಮಿಂಚುಳ್ಳಿ, ಬುಲ್‌ಬುಲ್ ನಮ್ಮ ಪಿಕಳಾರ, ಮೈನಾ ನಮ್ಮ ಗೊರವಂಕ. ಶಿವಡಿಯ ಕೆಸರಿನಲ್ಲಿ, ಠಾಣೆಯ ಖಾಡಿಯಲ್ಲಿ ಬಂದಿಳಿಯುವ ಫ್ಲೆಮಿಂಗೋ ನಮ್ಮ ರಾಜಹಂಸ. ಈ ಹೆಸರುಗಳು ನಮ್ಮ ಅಜ್ಜಿಯರ ಬಾಯಲ್ಲಿ ಇವೆ, ನಮ್ಮ ಬಾಯಲ್ಲಿ ಅರ್ಧ ಇವೆ, ಮಕ್ಕಳ ಬಾಯಲ್ಲಿ ಇಲ್ಲ. ಇನ್ನೊಂದು ತಲೆಮಾರು ಕಳೆದರೆ ಕೇಳೋಣವೆಂದರೂ ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಚಿತ್ರಪುಸ್ತಕಗಳು ಸಿಗುತ್ತವೆ. ಚೆನ್ನೈನ ತೂಲಿಕಾ ಕನ್ನಡದಲ್ಲೂ ಪುಸ್ತಕ ತರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು, ಬೇರೆ ಭಾಷೆಯ ಕಥೆಯನ್ನು ನಾವೇ ಕನ್ನಡಕ್ಕೆ ತರಬಹುದು. ದಯವಿಟ್ಟು ಬಳಸಿ. ಆದರೆ ನಿಮ್ಮ ಕಟ್ಟಡದ ಗೇಟಿನ ಪಕ್ಕದ ಮರದ ಬಗ್ಗೆ, ನಿಮ್ಮ ಮೊಮ್ಮಗಳಿಗಾಗಿ, ನಿಮ್ಮೂರಿನ ಮಾತಿನಲ್ಲಿ ಪುಸ್ತಕ ಮಾಡುವವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಜಗತ್ತೇ ಓದಿದ ಪೀಟರ್ ಮೊಲವೂ ಒಂದು ಮಗುವಿಗೆ ಬರೆದ ಕಾಗದವಾಗಿಯೇ ಹುಟ್ಟಿತಲ್ಲ.

ಮಾಡುವುದು ಹೇಗೆ? ಸುಲಭ. ನಾಲ್ಕು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ, ಮಡಿಕೆಯಲ್ಲಿ ಸೂಜಿದಾರದಿಂದ ಮೂರು ಹೊಲಿಗೆ ಹಾಕಿದರೆ ಹದಿನಾರು ಪುಟದ ಪುಸ್ತಕ ಸಿದ್ಧ. ಒಂದು ಪುಟಕ್ಕೆ ಒಂದೇ ವಸ್ತು: ಒಂದು ಎಲೆ, ಒಂದು ಕಾಯಿ, ಒಂದು ಅಳಿಲು. ಮೊಬೈಲಿನ ಚಿತ್ರ ನೋಡಿ ಬರೆಯಬೇಡಿ, ವಸ್ತುವನ್ನೇ ಮುಂದಿಟ್ಟುಕೊಳ್ಳಿ. ಎಲೆಯನ್ನು ಹಾಳೆಯ ಮೇಲಿಟ್ಟು ಅದರ ನಿಜವಾದ ಅಳತೆಗೇ ಬರೆಯಿರಿ. ಹುಳ ತಿಂದ ತೂತಿದ್ದರೆ ಅದನ್ನೂ ಬರೆಯಿರಿ, ಮಕ್ಕಳಿಗೆ ತೂತೇ ಇಷ್ಟ. ಬಣ್ಣದ ಪೆಟ್ಟಿಗೆ ಇಲ್ಲವೇ? ಒಣಗಿದ ಎಲೆಯ ಕಂದು ಬಣ್ಣಕ್ಕೆ ಕಾಫಿ ಡಿಕಾಕ್ಷನ್ ಸಾಕು. ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ, ಅದನ್ನು ಒಳಪುಟಕ್ಕೆ ಇಟ್ಟುಕೊಳ್ಳಿ. ಕೆಳಗೆ ಹೆಸರು, ತಾರೀಖು, ಕಂಡ ಜಾಗ ಬರೆಯಿರಿ. ಹೆಸರು ನಿಮ್ಮೂರಿನದೇ ಇರಲಿ. ಮಂಗಳೂರಿನವರು ಒಂದು ಹೇಳುತ್ತಾರೆ, ಧಾರವಾಡದವರು ಇನ್ನೊಂದು ಹೇಳುತ್ತಾರೆ. ಜಗಳ ಬೇಡ, ಎರಡನ್ನೂ ಬರೆಯಿರಿ.

ಕೆಲಸ ಹಂಚಿಕೊಳ್ಳಿ. ಹೆಸರು ಹೇಳುವುದು ಅಜ್ಜಿಗೆ, ಎಳೆ ಎಳೆಯುವುದು ಅಮ್ಮನಿಗೆ, ಹುಡುಕಿ ತರುವುದು ಮಗುವಿಗೆ. ಮಗು ಬರೆದ ಎಲೆ ಸೊಟ್ಟಗಿದ್ದರೆ ತಿದ್ದಬೇಡಿ. ನಿಜವಾದ ಎಲೆಯೂ ಸೊಟ್ಟಗೇ ಇರುತ್ತದೆ. ‘ಇದು ಯಾಕೆ ಒಂದು ಕಡೆ ಅಗಲವಾಗಿದೆ?’ ಎಂದು ಮಗುವೇ ಕೇಳಿದ ದಿನ ತ್ರಿಕೋನದ ಬೆಟ್ಟ ತಾನಾಗಿ ಮರೆಯಾಗುತ್ತದೆ.

ಕೊನೆಯದಾಗಿ ವೇದಿಕೆಗೆ ನನ್ನದೊಂದು ಕೋರಿಕೆ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಪುಟ ತನ್ನಿ. ನಿಮ್ಮ ಬೀದಿಯ ಒಂದು ಮರ, ಅಥವಾ ಒಂದು ಹಕ್ಕಿ, ಅದರ ಕನ್ನಡದ ಹೆಸರು, ಅಷ್ಟೇ. ಹದಿನಾರು ಪುಟ ಸೇರಿದರೆ ಹೊಲಿದು ಸಂಘದ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಇಡೋಣ. ಮೊದಲ ಪುಟಕ್ಕೆ ಕಾಡುಬಾದಾಮಿ ಎಲೆ ನಾನು ತರುತ್ತೇನೆ, ಉದುರುವ ಮೊದಲು ಕೆಂಪಾಗುತ್ತದಲ್ಲ, ಆ ಕೆಂಪಿನದು.