ಜೋಮು ಹಿಡಿದ ಕೈ: ಶಸ್ತ್ರಚಿಕಿತ್ಸೆಯ ಅನಂತರ

(ರೈತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಕೊಳೆರೋಗದ ಬಗ್ಗೆ ಹೇಳಬೇಕಾದವನು ಕೈಯ ನರದ ಸುದ್ದಿ ಯಾಕೆ ತೆಗೆದ ಎಂದು ತಾವು ಕೇಳಬಹುದು. ಪುತ್ತೂರಿನಲ್ಲಿ ಚಾಲಿ ಅಡಿಕೆ ಸುಲಿಯುವವರು, ಸುಳ್ಯ, ಕಡಬದ ಕಡೆ ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು, ಹುಲ್ಲು ಕೊಚ್ಚುವ ಯಂತ್ರ ಹಿಡಿಯುವವರು, ಇವರೆಲ್ಲರ ದುಡಿಮೆ ಮಣಿಗಂಟಿನ ಮೇಲೆಯೇ ನಿಂತಿದೆ.

ಮಣಿಗಂಟಿನ ಒಳಬದಿಯಲ್ಲಿ ಎಲುಬುಗಳ ನಡುವೆ ಇಕ್ಕಟ್ಟಾದ ಒಂದು ಓಣಿ ಉಂಟು. ಬೆರಳು ಮಡಚುವ 9 ಸ್ನಾಯುಹುರಿಗಳೂ ಒಂದು ನರವೂ ಅದರೊಳಗೆ ಹಾದುಹೋಗುತ್ತವೆ. ಮೇಲೆ ಗಟ್ಟಿಯಾದ ಪಟ್ಟಿಯೊಂದು ಮುಚ್ಚಿಕೊಂಡಿರುತ್ತದೆ. ಒಳಗೆ ಊದಿಕೊಂಡರೆ ಮೊದಲು ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಜೋಮು ಹಿಡಿಯುತ್ತದೆ. ರಾತ್ರಿ ಎಚ್ಚರವಾಗಿ ಕೈ ಕೊಡವಬೇಕಾಗುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಇದು ಹೆಚ್ಚು. ಕಿರುಬೆರಳೇ ಮರಗಟ್ಟಿದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಅದು ಬೇರೆ ಸಂಗತಿ, ಕುಷ್ಠವೂ ಆಗಿರಬಹುದು. ನಾಚಿಕೆಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅದರ ಔಷಧ ಸರಕಾರದಿಂದ ಉಚಿತ.

ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಆ ಪಟ್ಟಿಯನ್ನು ಕೊಯ್ದು ನರಕ್ಕೆ ಜಾಗ ಮಾಡಿಕೊಡುತ್ತಾರೆ. ಅಲ್ಲಿಗೆ ವೈದ್ಯರ ಕೆಲಸ ಮುಗಿಯಿತು. ನರದ ಕೆಲಸ ಆಮೇಲೆ ಸುರು. "ತಿಂಗಳಾಯಿತು, ಬೆರಳ ತುದಿ ಇನ್ನೂ ಮಂಕು, ದುಡ್ಡು ಹೊಳೆಗೆ ಹಾಕಿದ ಹಾಗಾಯಿತು" ಎಂದು ಕೆಲವರು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಒಳ್ಳೆಮೆಣಸಿನ ಬಳ್ಳಿಗೆ ಬಿಗಿದ ಹಗ್ಗ ಒಳಗೆ ಕಚ್ಚಿಕೊಂಡರೆ ನಾವು ಹಗ್ಗ ಕಡಿಯುತ್ತೇವೆ. ಕಡಿದ ಮರುದಿನವೇ ಚಿಗುರು ಹುಡುಕುತ್ತೇವೆಯೇ?

ರಾತ್ರಿಯ ನೋವು ಬಹಳ ಮಂದಿಗೆ ಬೇಗನೆ ಇಳಿಯುತ್ತದೆ. ಜೋಮಿನ ಲೆಕ್ಕ ಬೇರೆ. ನರದ ಎಳೆಗಳ ಹೊದಿಕೆ ಮಾತ್ರ ಕೆಟ್ಟಿದ್ದರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸರಿಯಾಗುತ್ತದೆ. ಎಳೆಯೇ ಸತ್ತಿದ್ದರೆ ಅದು ಹೊಸದಾಗಿ ಬೆಳೆದು ಬರಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಅಂಗುಲ. ಮಣಿಗಂಟಿನಿಂದ ಬೆರಳ ತುದಿಗೆ ಆರೇಳು ಅಂಗುಲ ಉಂಟಷ್ಟೆ; ಲೆಕ್ಕ ತಾವೇ ಹಾಕಿರಿ. ವರ್ಷ ಹಿಡಿಯುವುದೂ ಉಂಟು. ಬೆಳೆಯುವ ನರದ ಮೇಲೆ ತಟ್ಟಿದರೆ ಜುಮ್ಮೆನ್ನುತ್ತದೆ ಎಂದು ಫ್ರಾನ್ಸಿನ ವೈದ್ಯ ಟಿನೆಲ್ 1915ರಲ್ಲಿಯೇ ಬರೆದರು. ಹಾಗಾಗಿ ಮಂಕು ಕಳೆದು ಜುಮುಜುಮು ಬಂದರೆ ಗಾಬರಿಯಾಗಬೇಕಾಗಿಲ್ಲ. ಆದರೆ ಹೆಬ್ಬೆರಳ ಬುಡದ ಮಾಂಸ ಬತ್ತುವವರೆಗೆ ಕಾದವರಿಗೆ ಪೂರ್ತಿ ಬಲ ಬರಲಿಕ್ಕಿಲ್ಲ. ತಡಮಾಡಬಾರದೆನ್ನುವುದು ಇದಕ್ಕೇ.

ಬೆರಳನ್ನು ಮೊದಲ ದಿನಗಳಿಂದಲೇ ಮೆಲ್ಲಗೆ ಮಡಚಿ ಬಿಡಿಸುತ್ತಿರಬೇಕು. ಹೊಲಿಗೆ ತೆಗೆದು ಗಾಯ ಮಾಯುವವರೆಗೆ ಕೆಸರು, ಸೆಗಣಿ, ಗೊಬ್ಬರ ಮುಟ್ಟಬಾರದು. ಹಸಿ ಗಾಯದ ಮೇಲೆ ಎಣ್ಣೆ ತಿಕ್ಕುವುದು, ಸೊಪ್ಪು ಅರೆದು ಕಟ್ಟುವುದು ಬೇಡವೇ ಬೇಡ. ಅಂಗೈಯ ಬುಡದ ನೋವು ಕೆಲವು ತಿಂಗಳು ಇರುವುದುಂಟು. ಹಿಡಿತ ಮರಳಲಿಕ್ಕೂ ಮೂರು ತಿಂಗಳ ಹತ್ತಿರ ಬೇಕು. ಟ್ಯಾಪಿಂಗ್ ಕತ್ತಿಯಾಗಲಿ, ಅದುರುವ ಯಂತ್ರವಾಗಲಿ ಮತ್ತೆ ಹಿಡಿಯುವ ದಿನವನ್ನು ವೈದ್ಯರೇ ಹೇಳಲಿ. ಅದುವರೆಗೆ ಮನೆಯವರು ಆ ಪಾಲನ್ನು ಹಂಚಿಕೊಳ್ಳಬೇಕು. ಮಂಕು ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಅನ್ನದ ಪಾತ್ರೆ ಇಳಿಸುವ ತಾಯಂದಿರು ಮೊದಲು ಮತ್ತೊಂದು ಕೈಯಿಂದ ಮುಟ್ಟಿ ನೋಡಬೇಕು.

ಗಾಯ ಕೆಂಪಾಗಿ ಕೀವು ಕಟ್ಟಿದರೆ, ಜ್ವರ ಬಂದರೆ, ಮೊದಲು ಸ್ಪರ್ಶವಿದ್ದ ಬೆರಳು ಹೊಸದಾಗಿ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಎರಡೂ ಕೈಗೆ ತೊಂದರೆ ಇದ್ದವರು ಎರಡನೆಯದನ್ನು ಯಾವಾಗ ಮಾಡಿಸುವುದೆಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಂಡರೆ, ಅಡಿಕೆ ಸುಲಿಯುವ ಕಾಲಕ್ಕೆ ಆಳಿನ ಏರ್ಪಾಡು ಮಾಡಿಕೊಳ್ಳಲಿಕ್ಕೆ ಅನುಕೂಲ.