ನೋಟಿಸಿಗೂ ಮುನ್ನ ತಡೆ: ಮಾನರಕ್ಷಣೆ ಮತ್ತು ಏಕಪಕ್ಷೀಯ ಆದೇಶಗಳು



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರು ವಿಚಾರಣಾ ನ್ಯಾಯಾಲಯಗಳಲ್ಲೇ ಬಾಳು ಸವೆಸಿದವರು. ಅವರ ಸ್ಮರಣೆಯಲ್ಲಿ ಮಾತನಾಡುವುದು ನನ್ನ ಭಾಗ್ಯ. ಅದೇ ನ್ಯಾಯಾಲಯಗಳ ಒಂದು ರೂಢಿಯನ್ನು ಇಂದು ಪ್ರಶ್ನಿಸಲಿದ್ದೇನೆ. ಅವರಿದ್ದಿದ್ದರೆ ಬೇಸರಿಸದೆ ಎದುರುವಾದ ಹೂಡುತ್ತಿದ್ದರು.

ಮೂಲಾಂಶಗಳನ್ನು ಬೇಗ ಮುಗಿಸುತ್ತೇನೆ. ಮಾನನಷ್ಟ ನಮ್ಮಲ್ಲಿ ಅಪರಾಧವೂ ಹೌದು, ಸಿವಿಲ್ ದಾವೆಗೆ ಕಾರಣವೂ ಹೌದು. ದಂಡ ಸಂಹಿತೆಯ 499, 500ನೇ ಕಲಮುಗಳ ಜಾಗಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಈ ಅಪರಾಧವನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಉಳಿದುದಕ್ಕೆ ಪಠ್ಯಪುಸ್ತಕಗಳಿವೆ.

ವಿದ್ವಾಂಸರ ಕಣ್ಣೆಲ್ಲ ಸೆರೆವಾಸದ ಮೇಲಿದೆ. ನನ್ನ ಕಣ್ಣು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಮೇಲೆ. ಎದುರಾಳಿಗೆ ನೋಟಿಸ್ ಹೋಗುವ ಮೊದಲೇ ಸಿಗುವ ತಾತ್ಕಾಲಿಕ ತಡೆಯಾಜ್ಞೆ ಪತ್ರಿಕೆಯ ಬಾಯಿಯನ್ನು ಒಂದೇ ಮಧ್ಯಾಹ್ನದಲ್ಲಿ ಕಟ್ಟಬಲ್ಲದು. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಸಚಿವರು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಿಂದ 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆದೇಶ ಪಡೆದದ್ದು ನಿಮಗೆ ನೆನಪಿರಬಹುದು. ಇನ್ನೂ ಪ್ರಕಟವಾಗದ ವರದಿ ಸುಳ್ಳೆಂದು ತೀರ್ಮಾನಿಸುವುದು ಹೇಗೆ?

ಈ ರೂಢಿಯ ಸಮರ್ಥಕರು ಎರಡು ಮಾತು ಹೇಳುತ್ತಾರೆ. ಮೊದಲನೆಯದು ಗಾದೆಯದು: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಹೋದ ಮಾನವನ್ನು ಹಣದ ಪರಿಹಾರ ಮರಳಿ ತರದು. ಎರಡನೆಯದು, 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಮಾನವೂ ಸೇರಿದೆ ಎಂಬುದು. ಎರಡನ್ನೂ ಒಪ್ಪುತ್ತೇನೆ. ಅವುಗಳಿಂದ ಅವರು ತೆಗೆಯುವ ನಿರ್ಣಯವನ್ನು ಒಪ್ಪಲಾರೆ. ದಾವೆ ವರ್ಷಗಟ್ಟಲೆ ಎಳೆಯುವುದೇ ತುರ್ತು ತಡೆಗೆ ಕಾರಣವಾದರೆ, ಅದೇ ವಿಳಂಬ ತಾತ್ಕಾಲಿಕ ಆದೇಶವನ್ನು ಅಂತಿಮ ತೀರ್ಪಾಗಿಸುತ್ತದೆ. ತಡೆ ಸಿಕ್ಕ ವಾದಿಗೆ ಸಾಕ್ಷಿಕಟ್ಟೆ ಹತ್ತುವ ಅವಸರವೇನಿದೆ?

ಪೂರ್ವನಿದರ್ಶನಗಳೂ ಅವರ ಪರವಾಗಿಲ್ಲ. ಆರ್. ರಾಜಗೋಪಾಲ್ ಪ್ರಕರಣದಲ್ಲಿ (1994) ಸುಪ್ರೀಂ ಕೋರ್ಟ್, ಮಾನಹಾನಿಯ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಯನ್ನು ಮುಂಚಿತವಾಗಿ ತಡೆಯಲಾಗದು, ಅವರ ಪರಿಹಾರವಿರುವುದು ಪ್ರಕಟಣೆಯ ನಂತರ ಎಂದಿತು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ವಿರುದ್ಧ ಝೀ ಪಡೆದಿದ್ದ ತಡೆಯನ್ನು ಅದೇ ನ್ಯಾಯಾಲಯ ರದ್ದುಪಡಿಸಿತು. ಮೇಲ್ನೋಟದ ಪ್ರಕರಣ, ಅನುಕೂಲಗಳ ತೂಕ, ಸರಿಪಡಿಸಲಾಗದ ನಷ್ಟ ಎಂಬ ಮೂರು ಸೂತ್ರಗಳನ್ನು ಯಾಂತ್ರಿಕವಾಗಿ ಬರೆದರೆ ಕಾರಣ ಕೊಟ್ಟಂತಾಗದು ಎಂಬುದು ಅಲ್ಲಿನ ಸಾರ.

ಇನ್ನೊಂದು ಬಣ ಇಂಗ್ಲೆಂಡಿನ 1891ರ ಬೊನಾರ್ಡ್ ತೀರ್ಪನ್ನು ಹಾಗೆಯೇ ಇಳಿಸಬೇಕೆನ್ನುತ್ತದೆ: ಪ್ರತಿವಾದಿ ‘ನಾನು ಬರೆದದ್ದು ಸತ್ಯ, ರುಜುವಾತು ಮಾಡುತ್ತೇನೆ’ ಎಂದರೆ, ಅದು ಸುಳ್ಳೆಂಬುದು ನಿಚ್ಚಳವಾಗಿರದ ಹೊರತು ತಡೆ ಬೇಡ. ಇದೂ ಅತಿಯೇ. ಆ ಸೂತ್ರ ಹುಟ್ಟಿದ್ದು ಜ್ಯೂರಿಯ ಕಾಲದಲ್ಲಿ. ಯಂತ್ರ ಸೃಷ್ಟಿಸಿದ ನಕಲಿ ವಿಡಿಯೊದಲ್ಲಿ ಹೆಣ್ಣುಮಗಳೊಬ್ಬಳ ಮುಖ ಹರಿದಾಡುವಾಗ ನೋಟಿಸಿನ ದಿನಾಂಕಕ್ಕೆ ಕಾಯಿರಿ ಎನ್ನುವ ನ್ಯಾಯಾಧೀಶರು ನಮಗೆ ಬೇಡ.

ನನ್ನ ಮಧ್ಯಮಮಾರ್ಗಕ್ಕೆ ಹೊಸ ಕಾನೂನು ಬೇಕಿಲ್ಲ. ನೋಟಿಸಿಲ್ಲದೆ ಆದೇಶ ಕೊಡುವಾಗ ಕಾರಣ ದಾಖಲಿಸಬೇಕೆಂದು 39ನೇ ಆದೇಶದ 3ನೇ ನಿಯಮವೇ ಹೇಳುತ್ತದೆ. ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು 3ಎ ನಿಯಮ ಹೇಳುತ್ತದೆ. ಹಾಗಾಗದಿದ್ದರೆ ನೇರವಾಗಿ ಮೇಲ್ಮನವಿ ಹೋಗಬಹುದೆಂದು ವೆಂಕಟಸುಬ್ಬಯ್ಯ ನಾಯ್ಡು ತೀರ್ಪು (2000) ದಾರಿ ತೆರೆದಿದೆ. ವಕೀಲರ ನೋಟಿಸ್ ಬಂದೊಡನೆ ಸಂಪಾದಕರು 148ಎ ಕಲಮಿನಡಿ ಕೇವಿಯಟ್ ಹಾಕಿದರೆ 90 ದಿನ ಅವರನ್ನು ಕೇಳದೆ ಆದೇಶವಾಗುವುದು ಕಷ್ಟ.

ದತ್ತಿಯ ಹಿರಿಯರ ವೃತ್ತಿಗೆ ಸೇರಿದ ಯುವ ವಕೀಲರಲ್ಲಿ ಕೊನೆಯ ವಿನಂತಿ. ತಡೆಯಾಜ್ಞೆಯ ಅರ್ಜಿ ಬರೆಯುವಾಗ ಯಾವ ವಾಕ್ಯ ಸುಳ್ಳು, ಏಕೆ ಸುಳ್ಳು ಎಂಬುದನ್ನು ಪ್ರಮಾಣಪತ್ರದಲ್ಲಿ ಬಿಡಿಸಿ ಹೇಳಿ. ಹೇಳಲಾಗದಿದ್ದರೆ ನೋಟಿಸಿಲ್ಲದ ತಡೆ ಕೇಳಬೇಡಿ.