ಹಣೆಬರಹದ ಪಾಠಾಂತರಗಳು

ಎಂ.ಎ. ತರಗತಿಗೆ ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ವಿದ್ಯಾರ್ಥಿಗಳ ಕಿವಿ ತೂತು ಬೀಳುವಷ್ಟು ಸಲ ಹೇಳಿದ ಮಾತೊಂದಿದೆ: ಒಂದೇ ಓಲೆಪ್ರತಿ ಕೈಯಲ್ಲಿದ್ದರೆ, ಯಾವುದು ಲಿಪಿಕಾರನ ತಪ್ಪು, ಯಾವುದು ಕವಿಯ ಪ್ರಯೋಗ ಎಂದು ನಿರ್ಣಯಿಸಲಾಗದು, ಹಲವು ಪ್ರತಿಗಳು ಬೇಕು. ಈ ಮಾತು ವೈದ್ಯರಿಗೂ ಸಲ್ಲುತ್ತದೆಂಬುದನ್ನು ನಾನು ಅರಿತದ್ದು ನಿವೃತ್ತನಾದ ಮೇಲೆ.

ಶ್ರೋತೃಗಳೇ, ನಮ್ಮ ಜೀವಕೋಶದೊಳಗೆ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥವೊಂದಿದೆ. ಅದರ ಉದ್ದ ಸುಮಾರು 300 ಕೋಟಿ ಅಕ್ಷರ. ವಿಜ್ಞಾನಿಗಳು ಅದನ್ನು ಜೀನೋಮ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಇದನ್ನು ಚೂರುಚೂರು ಮಾಡಿ, ಸುಮಾರು 150 ಅಕ್ಷರಗಳ ತುಣುಕುಗಳಾಗಿ ಓದುತ್ತಾರೆ; ತಪ್ಪು ನುಸುಳದಿರಲೆಂದು ಒಂದೊಂದು ಸ್ಥಳವನ್ನೂ ಸರಾಸರಿ 30 ಸಲ. ಲೆಕ್ಕ ಹಾಕಿದರೆ ಒಬ್ಬ ಮನುಷ್ಯನಿಗೆ 60 ಕೋಟಿ ತುಣುಕು! ಗೆದ್ದಲು ತಿಂದ ಓಲೆಕಟ್ಟನ್ನು ಬಿಚ್ಚಿ ಕುಳಿತವರು ಈ ಕಷ್ಟವನ್ನು ಬಲ್ಲರು. ಪ್ರತಿ ತುಣುಕಿನ ಸ್ಥಳವನ್ನು ಮಾದರಿ ಪಾಠದಲ್ಲಿ ಹುಡುಕಿ ಭೇದವನ್ನು ಗುರುತಿಸಬೇಕು. ಒಬ್ಬೊಬ್ಬರಲ್ಲಿಯೂ 40-50 ಲಕ್ಷ ಪಾಠಭೇದಗಳು ಸಿಗುತ್ತವೆ. ಬಹುಪಾಲು ನಿರುಪದ್ರವಿ. ಹುಟ್ಟಿನಿಂದಲೇ ನರಳುತ್ತಿರುವ ಕೂಸಿನ ಸಂಕಟಕ್ಕೆ ಕಾರಣವಾದುದು ಅವುಗಳಲ್ಲಿ ಒಂದೋ ಎರಡೋ ಇರಬಹುದು.

ಅದನ್ನು ಹೆಕ್ಕುವುದೆಂತು? ಆರೋಗ್ಯವಂತರಲ್ಲಿ ಹೇರಳವಾಗಿ ಕಾಣುವ ಭೇದ ಅಪರೂಪದ ಘೋರ ರೋಗಕ್ಕೆ ಕಾರಣವಾಗಲಾರದು. ಆದರೆ ಯಾರು ಈ ಆರೋಗ್ಯವಂತರು? ಜಗತ್ತು ನೆಚ್ಚಿಕೊಂಡ ಮಾದರಿ ಪಾಠದ ಸುಮಾರು ಶೇಕಡಾ 70 ಭಾಗ, ಅಮೆರಿಕದ ಬಫಲೊ ನಗರದಲ್ಲಿ ರಕ್ತ ಕೊಟ್ಟ ಅನಾಮಿಕನೊಬ್ಬನದು. ಹೋಲಿಕೆಗೆ ದೊರೆಯುತ್ತಿದ್ದ ಉಳಿದ ಪ್ರತಿಗಳೂ ಹೆಚ್ಚಾಗಿ ಯೂರೋಪು ಮೂಲದವರವು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನಿನಲ್ಲಿ 25 ಅಕ್ಷರಗಳ ಲೋಪವುಂಟು. ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಅದಿದೆಯೆಂದೂ, ವಯಸ್ಸಾದಂತೆ ಹೃದಯ ಸೋಲುವ ಸಂಭವವನ್ನು ಹೆಚ್ಚಿಸುತ್ತದೆಂದೂ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪಶ್ಚಿಮದ ಪ್ರತಿಗಳನ್ನಷ್ಟೇ ತಿರುವುತ್ತಿದ್ದರೆ ಈ ಲೋಪ ಕಣ್ಣಿಗೇ ಬೀಳುತ್ತಿರಲಿಲ್ಲ.

ನಮ್ಮ ಪ್ರತಿಗಳನ್ನು ನಾವೇ ಕೂಡಿಹಾಕಬೇಕೆಂದು 2020ರಲ್ಲಿ 'ಜೀನೋಮ್ ಇಂಡಿಯಾ' ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ದುಡಿದು, 2024ರ ಫೆಬ್ರವರಿಯ ವೇಳೆಗೆ 10,000 ಜನರ ಓದನ್ನು ಮುಗಿಸಿದವು. ಭಂಡಾರವಿರುವುದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆಯಲಾಯಿತು. ಅಲ್ಲಿಯ ಮಹಾಗಣಕದ ಹೆಸರು 'ಬ್ರಹ್ಮ್'. ಹಣೆಬರಹವನ್ನು ಬರೆದವನ ಹೆಸರನ್ನು ಓದುವ ಯಂತ್ರಕ್ಕೆ ಇಟ್ಟವರು ರಸಿಕರೇ ಸರಿ. ಆದರೂ ಇದು ಹಣೆಬರಹವಲ್ಲ. ಆ 25 ಅಕ್ಷರಗಳಿಲ್ಲದೆಯೂ ತುಂಬು ಆಯುಷ್ಯ ಬಾಳಿದವರಿದ್ದಾರೆ.

ರಕ್ತ ಕೊಟ್ಟವರ ಹೆಸರನ್ನು ಅಳಿಸಿ ಸಂಖ್ಯೆ ಕೊಡುತ್ತಾರೆ. ನೋಡಬಯಸುವ ಸಂಶೋಧಕರು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಇದು ಯುಕ್ತವೇ. ಹೆಸರಿಲ್ಲದ ವಚನವನ್ನು ಅಂಕಿತದಿಂದ ಗುರುತಿಸುತ್ತೇವಲ್ಲವೆ? ಈ ಗ್ರಂಥಕ್ಕೆ ಮೈಯೆಲ್ಲ ಅಂಕಿತ. ಹೆಸರು ಅಳಿಸಿದ ಮಾತ್ರಕ್ಕೆ ಕಾವಲು ಮುಗಿಯಿತೆನ್ನಲಾಗದು.

ಇಂಥ ಯಂತ್ರವನ್ನು ಒಂದೊಂದು ಆಸ್ಪತ್ರೆಯೂ ಕೊಳ್ಳಲಾರದು. ಕೊಂಡರೂ ಅರ್ಧಕಾಲ ಸುಮ್ಮನೆ ಬಿದ್ದಿರುತ್ತದೆ. ಆದುದರಿಂದಲೇ ದೊಡ್ಡ ಗಣಕವನ್ನು ಹಲವರು ಹಂಚಿಕೊಂಡು, ದೂರದಿಂದಲೇ ಕೆಲಸ ಕಳುಹಿಸಿ, ಸರದಿಯಲ್ಲಿ ಕಾಯುತ್ತಾರೆ. ನನಗೆ ಬಾಲ್ಯದ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಸಂಶೋಧಕನ ಸಾವಿರ ಮಾದರಿಗಳ ಕೆಲಸ ಮೂಟೆ ಮೂಟೆ ರಾಗಿ ಇದ್ದಂತೆ. ಒಂದು ವಾರ ತಡವಾದರೆ ಪ್ರಬಂಧ ಒಂದು ವಾರ ತಡವಾದೀತು, ಅಷ್ಟೇ. ತೀವ್ರ ನಿಗಾ ಘಟಕದಲ್ಲಿರುವ ಹಸುಗೂಸಿಗೆ ಆ ವಾರ ಇರುವುದಿಲ್ಲ. ಯಾರ ಕೆಲಸ ಮೊದಲೆಂದು ಯಂತ್ರಕ್ಕೆ ನಿಯಮ ಹಾಕಿಕೊಡುವುದು ಕಷ್ಟವೇನಲ್ಲ, ಹಾಕಿಕೊಡುವವರು ನಾವೇ. ನಮ್ಮೂರ ಗಿರಣಿಯ ಯಜಮಾನ ಓದುಬರಹ ಬಲ್ಲವನಲ್ಲ. ಬಾಣಂತಿಯ ಮನೆಯ ಡಬ್ಬಿ ಬಂದರೆ, ಸಾಲಿನಲ್ಲಿದ್ದ ಮೂಟೆಗಳನ್ನು ಕಾಲಿನಿಂದ ಅತ್ತ ಸರಿಸಿ, ಅದನ್ನೇ ಮೊದಲು ಸುರಿಯುತ್ತಿದ್ದ.